ಮಲೆನಾಡಿನ ಮನೆಗಳಿಗೆ ತಕ್ಕ ಕಡಮೆ ವೆಚ್ಚದ ಸೌದೆಯ ಒಲೆ

ಅಡಿಗೆಯ ಮನೆಗೆ ಅನಿಲದ ಒಲೆಯು ಬಂದ ಮೇಲೆ ಸೌದೆಯ ಚಿಂತೆಯು ತೀರಿತೆಂದು ಪಟ್ಟಣದವರು ತಿಳಿದಿರುವುದುಂಟು. ಮಲೆನಾಡಿನಲ್ಲಿ ಒಂದು ಮಳೆಗಾಲವನ್ನು ಕಳೆದವರಾರೂ ಹಾಗೆ ತಿಳಿಯಲಾರರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಅದರಲ್ಲಿ ಬಹುಭಾಗವು ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯತಕ್ಕುದು. ಈ ಕಾಲದಲ್ಲಿ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆಗಳ ಕಡೆಯ ಅನೇಕ ಮನೆಗಳಲ್ಲಿ ಬಚ್ಚಲಿನ ಹಂಡೆಯ ಒಲೆಯು ಬೆಳಗಿನ ಜಾವದಿಂದ ರಾತ್ರಿಯ ಊಟದವರೆಗೂ ಆರುವುದಿಲ್ಲ. ಮನೆಮಂದಿಯ ಮತ್ತು ಆಳುಗಳ ಸ್ನಾನಕ್ಕೆ ನೀರು ಕಾಯಬೇಕು. ಗದ್ದೆಯಿಂದ ಬಂದವರ ಕಂಬಳಿ ಬಟ್ಟೆಗಳು ಒಣಗಬೇಕು. ಮುದುಕರೂ ಬಾಣಂತಿಯರೂ ಮೈ ಬೆಚ್ಚಗೆ ಮಾಡಿಕೊಳ್ಳಬೇಕು. ಸೂರ್ಯನ ಶಾಖದಿಂದ ನೀರು ಕಾಯಿಸುವ ಯಂತ್ರವು ಬಯಲುಸೀಮೆಯಲ್ಲಿ ಬಹಳ ಉಪಯುಕ್ತವಾದುದೇ ಸರಿ. ಆದರೆ ವಾರಗಟ್ಟಲೆ ಸೂರ್ಯನೇ ಕಾಣದ ಊರಿನಲ್ಲಿ ಅದನ್ನೇ ನಂಬಿ ಕೂಡುವುದು ಹೇಗೆ? ಆದುದರಿಂದ ಸೌದೆಯ ಒಲೆಯ ವಿಚಾರವು ಹಳೆಯದಾಯಿತೆಂದು ಬಿಟ್ಟುಬಿಡತಕ್ಕುದಲ್ಲ.

ಗ್ರಾಮಗಳ ಮುಖಂಡರೂ ಜಮೀನುದಾರರೂ ನಾನು ಸರ್ಕೀಟಿನಲ್ಲಿ ಹೋದಾಗಲೆಲ್ಲ ಕೇಳುವ ಪ್ರಶ್ನೆಯು ಒಂದೇ: “ಕಡಮೆ ಬೆಲೆಗೆ ಒಳ್ಳೆಯ ಒಲೆ ಯಾವುದು?” ಈ ಪ್ರಶ್ನೆಗೆ ನಾನು ಮೊದಮೊದಲು ನೇರವಾಗಿ ಉತ್ತರವನ್ನು ಕೊಟ್ಟುಬಿಡುತ್ತಿದ್ದೆನು. ಈಗ ಕೊಡುವುದಿಲ್ಲ. ಕೊಟ್ಟು ಕೆಟ್ಟ ಸಂಗತಿಯೊಂದನ್ನು ಮುಂದೆ ಹೇಳುತ್ತೇನೆ. ಈಗ ನಾನು ಕೇಳುವವರನ್ನೇ ಮರಳಿ ಮೂರು ಮಾತು ಕೇಳುತ್ತೇನೆ. ನಿಮ್ಮ ಸೌದೆ ಎಂಥದು, ಎಷ್ಟು ಒಣಗಿದೆ? ಕಾಯಬೇಕಾದುದು ನೀರೋ, ಮನೆಯೋ? ಒಲೆಯ ಮುಂದೆ ದಿನವೂ ಕುಳಿತುಕೊಳ್ಳುವವರು ಯಾರು, ಅವರನ್ನು ವಿಚಾರಿಸಿದ್ದೀರೋ? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಒಲೆಯನ್ನು ಆರಿಸುವ ಕೆಲಸವು ಬಹುಮಟ್ಟಿಗೆ ಮುಗಿದಂತೆಯೇ.

ಒಲೆಯ ಬೆಲೆಯೆಂದರೆ ಅಂಗಡಿಯವನಿಗೆ ಅಥವಾ ಗಾರೆಯವನಿಗೆ ಕೊಡುವ ಹಣವೆಂದೇ ಅನೇಕರ ಎಣಿಕೆ. ಇದು ತಪ್ಪು. ಒಂದು ಸಣ್ಣ ಲೆಕ್ಕವನ್ನು ಹಾಕಿ ನೋಡೋಣ. ಆರೇಳು ಮಂದಿಯ ಮನೆಯಲ್ಲಿ ದಿನಕ್ಕೆ 100 ಲೀಟರು ನೀರನ್ನು 20 ಡಿಗ್ರಿಯಿಂದ 60 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಬೇಕೆಂದಿಟ್ಟುಕೊಳ್ಳಿರಿ. ಇದಕ್ಕೆ 4,000 ಕಿಲೋಕ್ಯಾಲೊರಿ ಶಾಖವು ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋಗ್ರಾಂ ಸೌದೆಯು ಉರಿದರೆ ಸುಮಾರು 3,400 ಕಿಲೋಕ್ಯಾಲೊರಿ ಶಾಖವು ಹುಟ್ಟುತ್ತದೆ. ಹುಟ್ಟಿದ ಶಾಖವೆಲ್ಲವೂ ನೀರಿಗೇ ಸೇರುವುದಾಗಿದ್ದರೆ ಒಂದೂಕಾಲು ಕಿಲೋ ಸೌದೆಯೊಳಗಾಗಿಯೇ ಕೆಲಸವು ಮುಗಿಯಬೇಕಾಗಿದ್ದಿತು! ನೂರರಲ್ಲಿ 15 ಪಾಲು ಮಾತ್ರ ನೀರಿಗೆ ಸೇರುವ ಒಲೆಯಲ್ಲಿ ಸುಮಾರು 8 ಕಿಲೋ ಸೌದೆ ಬೇಕಾಗುವುದು; 40 ಪಾಲು ಸೇರುವಂತೆ ಕಟ್ಟಿದ ಒಲೆಯಲ್ಲಿ 3 ಕಿಲೋ ಸಾಕು. ದಿನಕ್ಕೆ 5 ಕಿಲೋದಷ್ಟು ವ್ಯತ್ಯಾಸವೆಂದರೆ ವರ್ಷಕ್ಕೆ ಸುಮಾರು 1,800 ಕಿಲೋ ಆಯಿತು. ಸೌದೆಗೆ ಕಿಲೋ ಒಂದಕ್ಕೆ 5 ರೂಪಾಯಿ ಎಂದು ಹಿಡಿದರೂ 9,000 ರೂಪಾಯಿ. ಸೌದೆಯನ್ನು ಕೊಳ್ಳದೆ ತಮ್ಮ ತೋಟದಿಂದಲೇ ತರುವವರು ಇದನ್ನು ಹಣವೆಂದು ಎಣಿಸುವುದಿಲ್ಲ. ಆದರೆ ಕಡಿದು, ಸೀಳಿ, ಹೊತ್ತು ತರುವ ಆಳಿನ ಕೂಲಿಯನ್ನೂ ಹೆಂಗಸರ ಹೊರೆಯನ್ನೂ ಲೆಕ್ಕಕ್ಕೆ ತಂದುಕೊಳ್ಳುವುದು ಒಳ್ಳೆಯದು.

ತಮ್ಮ ಮನೆಯ ಒಲೆಯು ಯಾವ ಅಂತಸ್ತಿನದೆಂಬುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು. ತಣ್ಣಗಿರುವ ಒಲೆಯ ಮೇಲಿನ ಹಂಡೆಗೆ 50 ಲೀಟರು ನೀರನ್ನು ಅಳೆದು ಹೊಯ್ದು, ಹಾಲಿನ ಡೇರಿಯಲ್ಲಿ ಉಪಯೋಗಿಸುವಂಥ ಉಷ್ಣಮಾಪಕದಿಂದ ಅದರ ಶಾಖವನ್ನು ನೋಡಿಕೊಂಡು, ಒಣಗಿದ ಸೌದೆಯನ್ನು ತೂಗಿ ಹಚ್ಚಿ, ನೀರಿನ ಶಾಖವು 40 ಡಿಗ್ರಿ ಏರುವವರೆಗೆ ಎಷ್ಟು ಸೌದೆ ಖರ್ಚಾಯಿತೆಂಬುದನ್ನು ಬರೆದಿಡಬೇಕು. ನಾಲ್ಕು ಕಿಲೋ ಆಗಿದ್ದರೆ ಒಲೆಯು ಹಳೆಯ ರೀತಿಯದು. ಒಂದೂವರೆ ಕಿಲೋ ಆಗಿದ್ದರೆ ಅದನ್ನು ಮುಟ್ಟುವ ಅವಶ್ಯಕತೆಯೇ ಇಲ್ಲ. ಈ ಪರೀಕ್ಷೆಯನ್ನು ಮಾಡುವಾಗ ಹಂಡೆಗೆ ಮುಚ್ಚಳವಿಟ್ಟು ಒಮ್ಮೆ, ಮುಚ್ಚಳವಿಲ್ಲದೆ ಒಮ್ಮೆ ನೋಡುವುದು. ಮುಚ್ಚಳವಿಲ್ಲದ ಹಂಡೆಯಿಂದ ಹಬೆಯಾಗಿ ಹೊರಟುಹೋಗುವ ಶಾಖವು ಅಷ್ಟಿಷ್ಟಲ್ಲ. ಎಲ್ಲಕ್ಕಿಂತ ಅಗ್ಗವಾದ ಸುಧಾರಣೆಯು ಹಲಗೆಯ ಮುಚ್ಚಳವೊಂದು. ಇಷ್ಟನ್ನೂ ಮಾಡದೆ ಹೊಸ ಒಲೆಯ ಬೆಲೆಯನ್ನು ವಿಚಾರಿಸುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ.

ಸೌದೆಯ ವಿಚಾರ

ಈಗ ತಾನೆ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಇಂಥ ಹಸಿಯ ಸೌದೆಯನ್ನು ಒಲೆಗೆ ಇಟ್ಟರೆ ಬೆಂಕಿಯು ಮೊದಲು ಸೌದೆಯ ನೀರನ್ನು ಕಾಯಿಸಿ, ಹಬೆ ಮಾಡಿ ಹೊರಕ್ಕೆ ಕಳುಹಿಸಿ, ಆಮೇಲೆ ಹಂಡೆಯ ಕಡೆಗೆ ನೋಡುವುದು. ಒಣಗಿದ ಸೌದೆಯಲ್ಲಿ ಕಿಲೋ ಒಂದಕ್ಕೆ 3,400 ಕಿಲೋಕ್ಯಾಲೊರಿ ದೊರೆಯುವ ಕಡೆ ಹಸಿಯ ಸೌದೆಯಲ್ಲಿ ದೊರೆಯುವುದು ಸುಮಾರು 1,900 ಮಾತ್ರ. ಮೇಲೆ ಹೇಳಿದ ಹಳೆಯ ಒಲೆಯಲ್ಲಿಯೇ ಹಸಿಯ ಸೌದೆಯನ್ನು ಉರಿಸಿದರೆ 8 ಕಿಲೋದ ಬದಲು 14 ಕಿಲೋ ಬೇಕಾಗುವುದು. ಇದಲ್ಲದೆ ಬೆಂಕಿಯು ತಣ್ಣಗಾಗಿ ಅರೆಬರೆ ಉರಿಯುವುದರಿಂದ ಹೊಗೆಯು ಹೆಚ್ಚುವುದು. ಆ ಹೊಗೆಯು ಹೊಗೆಕೊಳವೆಯ ಒಳಗೆ ಟಾರಿನಂತೆ ಅಂಟುಮಸಿಯಾಗಿ ಕಟ್ಟಿಕೊಳ್ಳುವುದು. ಎಷ್ಟು ಒಳ್ಳೆಯ ಒಲೆಯನ್ನು ತಂದರೂ ಹಸಿಯ ಸೌದೆಯ ಮುಂದೆ ಅದರ ಆಟ ನಡೆಯದು.

ಆದುದರಿಂದ ಕೈಯಲ್ಲಿ ಸ್ವಲ್ಪವೇ ಹಣವಿರುವವರು ಮೊದಲು ಒಲೆಗಲ್ಲ, ಸೌದೆಯ ಕೊಟ್ಟಿಗೆಗೆ ಖರ್ಚುಮಾಡತಕ್ಕುದೆಂಬುದು ನನ್ನ ಅಭಿಪ್ರಾಯ. ಪುಷ್ಯ ಮಾಘಗಳಲ್ಲಿ ಮರವನ್ನು ಕಡಿಸಿ, ಆಗಲೇ ಒಲೆಯ ಬಾಯಿಗೆ ತಕ್ಕ ಉದ್ದಕ್ಕೆ ತುಂಡುಮಾಡಿ ಸೀಳಿಸಿ, ನೆಲಕ್ಕೆ ತಗಲದಂತೆ ಎರಡು ದಿಮ್ಮಿಗಳ ಮೇಲೆ ಒಟ್ಟಿಸಬೇಕು. ಮೇಲೆ ತಗಡು ಅಥವಾ ಹಂಚಿನ ಹೊದಿಕೆ. ನಾಲ್ಕು ಕಡೆಯೂ ಗಾಳಿಯಾಡುವಂತೆ ತೆರವು. ಸೌದೆಯ ಒಟ್ಟಿಲಿಗೆ ಪ್ಲಾಸ್ಟಿಕ್ಕಿನ ಹಾಳೆಯನ್ನು ಸುತ್ತಲೂ ಬಿಗಿದು ಕಟ್ಟುವುದು ಈಚೆಗೆ ರೂಢಿಗೆ ಬಂದಿದೆ. ಒಳಗಿನ ನೀರಿಗೆ ಹೊರಕ್ಕೆ ಹೋಗಲು ದಾರಿಯಿಲ್ಲದೆ ಬೂಷ್ಟು ಹಿಡಿಯುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಸೀಳದ ದುಂಡು ದಿಮ್ಮಿಯು ತೊಗಟೆಯೊಳಗೆ ನೀರನ್ನು ಹಿಡಿದಿಟ್ಟುಕೊಂಡು ವರ್ಷ ಕಳೆದರೂ ಹಸಿಯಾಗಿಯೇ ಇರಬಲ್ಲದು. ಸೌದೆ ಒಣಗಿತೋ ಇಲ್ಲವೋ ಎಂಬುದನ್ನು ತಿಳಿಯಲು ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದು ನೋಡುವ ವಾಡಿಕೆಯುಂಟು. ಒಣಗಿದುದು ಠಣ್ ಎನ್ನುವುದು, ಹಸಿಯದು ದಪ್ಪಗೆ ಸದ್ದುಮಾಡುವುದು. ಇನ್ನೂ ಸರಿಯಾಗಿ ತಿಳಿಯಬೇಕೆನ್ನುವವರು ಒಂದು ಸೀಳಿಗೆ ಗುರುತು ಮಾಡಿ ವಾರಕ್ಕೊಮ್ಮೆ ತೂಗಿ, ತೂಕವು ಇಳಿಯುವುದು ನಿಂತ ದಿನ ಉಪಯೋಗಕ್ಕೆ ತೆಗೆದುಕೊಳ್ಳಬಹುದು.

ಯಾವ ಮರವು ಉತ್ತಮವೆಂಬ ಚರ್ಚೆಯು ಹಳ್ಳಿಯ ಜಗಲಿಗಳಲ್ಲಿ ಬಹಳವಾಗಿ ನಡೆಯುತ್ತದೆ. ಹುಣಿಸೆ, ಜಾಲಿ, ಸರ್ವೆಗಳನ್ನು ಹೊಗಳುವರು. ತೋಟದ ಸಿಲ್ವರ್ ಓಕನ್ನು ಹಗುರವೆಂದು ಹಳಿಯುವರು. ನಿಜಸ್ಥಿತಿಯೇನೆಂದರೆ, ಒಣಗಿದ ಮೇಲೆ ತೂಕಕ್ಕೆ ತೂಕ ಎಲ್ಲ ಮರಗಳ ಶಾಖವೂ ಹೆಚ್ಚುಕಡಮೆ ಒಂದೇ. ಹುಣಿಸೆಯು ಗಟ್ಟಿಯಾದುದರಿಂದ ಒಂದು ಗಾಡಿಯಲ್ಲಿ ಹೆಚ್ಚು ತೂಕವಿರುವುದು, ಕೆಂಡವು ಬಹಳ ಹೊತ್ತು ನಿಲ್ಲುವುದು. ಸಿಲ್ವರ್ ಓಕು ಬೇಗನೆ ಉರಿದು ಬೇಗನೆ ಆರುವುದು. ಆದುದರಿಂದ ಗಾಡಿಯ ಲೆಕ್ಕದಲ್ಲಿ ಕೊಳ್ಳುವವರು ಗಟ್ಟಿಮರವನ್ನು ಕೊಳ್ಳುವುದು; ತೂಕದ ಲೆಕ್ಕದಲ್ಲಿ ಕೊಳ್ಳುವವರು ಮರದ ಜಾತಿಗಿಂತ ಅದು ಒಣಗಿರುವುದನ್ನು ನೋಡುವುದು. ಹಸಿಯದನ್ನು ತೂಗಿಸಿಕೊಂಡರೆ ನೀರಿಗೆ ಸೌದೆಯ ಬೆಲೆಯನ್ನು ಕೊಟ್ಟಂತಾಗುವುದು. ಕಾಫಿಯ ಗಿಡ ಸವರಿದ ಕಡ್ಡಿ, ತೆಂಗಿನ ಗರಿಯ ದಿಂಡು, ಚಿಪ್ಪು, ಗೊಬ್ಬರದ ಗಿಡ ಇವೆಲ್ಲವೂ ಒಣಗಿದರೆ ಒಳ್ಳೆಯ ಉರುವಲೇ. ರಸವು ತಗಲಿದರೆ ಮೈಯಲ್ಲಿ ಗುಳ್ಳೆಯೇಳುವ ಹೊಲಗೇರು, ವಿಷವುಳ್ಳ ಕಣಗಿಲೆ, ಬಣ್ಣ ಬಳಿದ ಅಥವಾ ಔಷಧಿ ಹಚ್ಚಿದ ಹಳೆಯ ಮರಮುಟ್ಟು ಇವನ್ನು ಮಾತ್ರ ಒಲೆಗೆ ಹಾಕಬಾರದು.

ಒಲೆಯ ಬಗೆಗಳು

ಹೊಗೆಯಿಲ್ಲದ ಒಲೆಯ ಪ್ರಯತ್ನವು ನಮ್ಮ ದೇಶದಲ್ಲಿ ಹೊಸದೇನೂ ಅಲ್ಲ. 1950ರ ದಶಕದ ಆದಿಯಲ್ಲಿಯೇ ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದಲ್ಲಿ ಎಸ್. ಪಿ. ರಾಜು ಎಂಬವರು ಹೊಗೆಕೊಳವೆಯುಳ್ಳ ಮಣ್ಣಿನ ಒಲೆಯೊಂದನ್ನು ಸಿದ್ಧಪಡಿಸಿ ಪ್ರಚಾರ ಮಾಡಿದರು. ನಮ್ಮ ನಾಡಿನಲ್ಲಿ ಈ ಕೆಲಸವನ್ನು ಶಾಸ್ತ್ರೀಯವಾಗಿ ಕೈಗೊಂಡುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಆಸ್ತ್ರ’ ಎಂಬ ಗ್ರಾಮೀಣ ವಿಜ್ಞಾನ ವಿಭಾಗವು ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ನೆಲೆ ಮಾಡಿಕೊಂಡು, ಸುತ್ತಣ ಹಳ್ಳಿಗಳಲ್ಲಿ ಸೌದೆ ಎಷ್ಟು ಖರ್ಚಾಗುತ್ತದೆ, ಅದನ್ನು ತರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಮನೆಮನೆಗೆ ಹೋಗಿ ಅಳೆದು ನೋಡಿದರು. ಆ ಅನುಭವದಿಂದ 1980ರ ದಶಕದಲ್ಲಿ ಹೊರಬಂದುದೇ ಮೂರು ಪಾತ್ರೆಗಳ ಆಸ್ತ್ರ ಒಲೆ. ಅದರ ತತ್ತ್ವಗಳನ್ನೇ ಅನುಸರಿಸಿ ಸ್ನಾನದ ಹಂಡೆಯ ಒಲೆಯೂ ಬಂದಿತು. ಆ ವಿಭಾಗವು ಈಗ ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂಬ ಹೆಸರಿನಿಂದ ನಡೆಯುತ್ತಿದೆ.

ಈ ಒಲೆಗಳಲ್ಲಿ ಮಾಯವೇನೂ ಇಲ್ಲ. ಸೌದೆಯನ್ನು ನೆಲದ ಬೂದಿಯ ಮೇಲಿಡದೆ ಎರಕದ ಕಬ್ಬಿಣದ ಜಾಲರಿಯ ಮೇಲಿಟ್ಟು ಕೆಳಗಿನಿಂದ ಗಾಳಿ ಬರುವಂತೆ ಮಾಡುವುದು ಒಂದು. ಬಾಯಿಗೆ ಬಾಗಿಲನ್ನಿಟ್ಟು, ಬೇಡದ ತಣ್ಣನೆಯ ಗಾಳಿಯು ಉರಿಯ ಮೇಲೆ ಹಾಯ್ದು ಹೋಗದಂತೆ ತಡೆಯುವುದು ಇನ್ನೊಂದು. ಹಂಡೆಯನ್ನು ಒಲೆಯೊಳಗೆ ಹೆಗಲಿನವರೆಗೆ ಇಳಿಸಿ, ಸುತ್ತಲೂ ಒಂದು ಅಂಗುಲಕ್ಕೆ ಸ್ವಲ್ಪ ಹೆಚ್ಚಾಗಿ ಮಾತ್ರ ತೆರವನ್ನು ಬಿಟ್ಟು, ಬಿಸಿಯ ಹೊಗೆಯು ಹಂಡೆಯ ಮೈಯನ್ನು ಸವರಿಕೊಂಡೇ ಕೊಳವೆಗೆ ಹೋಗುವಂತೆ ಮಾಡುವುದು ಮತ್ತೊಂದು. ಈ ಮೂರನ್ನು ಊರಿನ ಗಾರೆಯವನೇ ಇಟ್ಟಿಗೆ ಮಣ್ಣುಗಳಿಂದ ಮಾಡಬಲ್ಲನು. ಕೊಳ್ಳಬೇಕಾದುದು ಜಾಲರಿ, ತಗಡಿನ ಬಾಗಿಲು, ಕೊಳವೆ ಇಷ್ಟೇ. ಹಂಡೆಯು ಹೇಗೂ ಮನೆಯಲ್ಲಿರುವುದು. ಸಾಮಾನ್ಯ ಜಮೀನುದಾರನ ಬಚ್ಚಲಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ನಡುವೆ ಕೊಳವೆಯುಳ್ಳ ತಾಮ್ರದ ಬಾಯ್ಲರನ್ನು ಕೆಲವರು ಇಷ್ಟಪಡುತ್ತಾರೆ. ಮರಾಠಿ ಸೀಮೆಯಲ್ಲಿ ಇದನ್ನು ಬಂಬ್ ಎನ್ನುವರು. ಕೆಳಗೆ ಚಿಪ್ಪು ಚಕ್ಕೆಗಳನ್ನು ಹಾಕಿ ಹಚ್ಚಿದರೆ ಉರಿಯು ನೀರಿನ ಮಧ್ಯದಲ್ಲಿಯೇ ಹಾಯ್ದು ಬೇಗನೆ ಕಾಯಿಸುವುದು. ಚಿಕ್ಕ ಸಂಸಾರಕ್ಕೆ ಸರಿಯಾದುದು. ಆದರೆ ತಾಮ್ರದ ಬೆಲೆಯು ಹೆಚ್ಚು, ದೊಡ್ಡ ಸೌದೆಯು ಹಿಡಿಸುವುದಿಲ್ಲ, ಬೆಸುಗೆ ಬಿಟ್ಟರೆ ರಿಪೇರಿಯವನನ್ನು ಹುಡುಕಿಕೊಂಡು ಹೋಗಬೇಕು. ತೆಳ್ಳನೆಯ ಕಬ್ಬಿಣದ ತಗಡಿನ ಒಲೆಗಳು ಸಂತೆಯಲ್ಲಿ ಅಗ್ಗವಾಗಿ ದೊರೆಯುವುವು. ಒಂದನ್ನು ನಾನೂ ಕೊಂಡಿದ್ದೆನು. ಮೂರನೆಯ ಮಳೆಗಾಲಕ್ಕೆ ಅದರ ತಳವು ತುಕ್ಕು ಹಿಡಿದು ಕೈಗೆ ಬಂದಿತು. ಕಬ್ಬಿಣವನ್ನೇ ಕೊಳ್ಳುವುದಾದರೆ ತೂಕದ, ಎರಕದ ಒಲೆಯನ್ನು ಕೊಳ್ಳುವುದು ಲೇಸು.

ಕೊಡಗು ಚಿಕ್ಕಮಗಳೂರುಗಳ ಹಳೆಯ ತೋಟದ ಬಂಗಲೆಗಳಲ್ಲಿ ಗೋಡೆಯೊಳಗಿನ ಅಗ್ಗಿಷ್ಟಿಕೆಗಳುಂಟು. ಅವನ್ನು ನೋಡಿ ಹೊಸ ಮನೆಗಳಲ್ಲಿಯೂ ಹಾಗೆಯೇ ಕಟ್ಟಿಸುವ ಹಂಬಲವು ಈಚೆಗೆ ಕಾಣುತ್ತಿದೆ. ನೋಡಲು ಸೊಗಸು ನಿಜ. ಆದರೆ ತೆರೆದ ಅಗ್ಗಿಷ್ಟಿಕೆಯು ಕೋಣೆಯ ಬೆಚ್ಚನೆಯ ಗಾಳಿಯನ್ನೇ ಎಳೆದುಕೊಂಡು ಹೊಗೆಗೂಡಿನ ಮೂಲಕ ಹೊರಕ್ಕೆ ಹಾಕುವುದು; ಆ ಜಾಗಕ್ಕೆ ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿಯು ನುಗ್ಗುವುದು. ಎದುರಿಗೆ ಕುಳಿತವನ ಮೊಣಕಾಲು ಸುಡುವುದು, ಬೆನ್ನು ನಡುಗುವುದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯನು 1744ರಲ್ಲಿಯೇ ಈ ದೋಷವನ್ನು ಕುರಿತು ಪುಸ್ತಿಕೆಯೊಂದನ್ನು ಬರೆದು, ಬದಲಾಗಿ ಕಬ್ಬಿಣದ ಒಲೆಯನ್ನು ಸೂಚಿಸಿದ್ದನು. ಕಡಮೆ ವೆಚ್ಚವೆಂಬ ಮಾತು ಬಂದ ಕಡೆ ತೆರೆದ ಅಗ್ಗಿಷ್ಟಿಕೆಯ ಮಾತನ್ನು ಎತ್ತುವ ಹಾಗಿಲ್ಲ.

ನೀರೋ, ಮನೆಯೋ?

ಒಲೆ ಕಟ್ಟಿಸುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಎಡವುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಗೋಡೆ ದಪ್ಪವಾಗಿದ್ದಷ್ಟೂ ಒಲೆಯು ಗಟ್ಟಿಯೆಂದು ತಿಳಿದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯನ್ನು ಏರಿಸುತ್ತಾರೆ. ಬೆಳಗ್ಗೆ ಒಂದು ಗಂಟೆಯ ಹೊತ್ತು ಮಾತ್ರ ಉರಿಸುವ ಒಲೆಯಾದರೆ ಆ ಶಾಖದಲ್ಲಿ ಬಹುಪಾಲನ್ನು ತಣ್ಣನೆಯ ಗೋಡೆಯೇ ಕುಡಿದುಬಿಡುವುದು. ನೀರು ಉಗುರುಬೆಚ್ಚಗಾಗುವಷ್ಟರಲ್ಲಿ ಮನೆಯ ಯಜಮಾನನಿಗೆ ಕೋಪ ಬಂದಿರುವುದು. ಇಂಥ ಒಲೆಗೆ ಉರಿಯ ಸುತ್ತಲೂ ಹಗುರವಾದ, ಶಾಖವನ್ನು ಬಿಟ್ಟುಕೊಡದ ಗೋಡೆಯು ಬೇಕು. ಅಕ್ಕಿಯ ಗಿರಣಿಯಲ್ಲಿ ದೊರೆಯುವ ಹೊಟ್ಟಿನ ಬೂದಿಯನ್ನು ಜೇಡಿಮಣ್ಣಿನೊಡನೆ ಕಲಸಿ ಒಳಮೈಗೆ ಎರಡು ಮೂರು ಅಂಗುಲ ಹಚ್ಚುವುದು, ಇಲ್ಲವೆ ಎರಡು ಇಟ್ಟಿಗೆಯ ಗೋಡೆಗಳ ನಡುವೆ ಅದೇ ಬೂದಿಯನ್ನು ತುಂಬುವುದು. ಈ ಬೂದಿಯು ಶಾಖವನ್ನು ತಡೆಯುವುದರಲ್ಲಿ ಬಹಳ ಸಮರ್ಥವಾದುದು. ಬೆಲೆಯಂತೂ ಇಲ್ಲವೇ ಇಲ್ಲ ಎನ್ನಬಹುದು.

ಮನೆಯನ್ನು ಬೆಚ್ಚಗಿಡುವ ಒಲೆಗೆ ಇದೇ ನಿಯಮವು ತಲೆಕೆಳಗು. ಅಲ್ಲಿ ಭಾರವಾದ ಗೋಡೆಯೇ ಗುಣ. ಸಂಜೆ ಎರಡು ಗಂಟೆಯ ಹೊತ್ತು ಜೋರಾಗಿ ಉರಿಸಿದ ಶಾಖವನ್ನು ಇಟ್ಟಿಗೆ ಕಲ್ಲುಗಳು ಹಿಡಿದಿಟ್ಟುಕೊಂಡು ಬೆಳಗಿನ ಜಾವದವರೆಗೆ ನಿಧಾನವಾಗಿ ಬಿಡುವುವು. ರಷ್ಯ, ಫಿನ್ಲೆಂಡ್ ಮೊದಲಾದ ಚಳಿದೇಶಗಳ ರೈತರು ಮನೆಯ ನಡುವೆ ಇಂಥ ದೊಡ್ಡ ಇಟ್ಟಿಗೆಯ ಒಲೆಗಳನ್ನು ಕಟ್ಟಿಕೊಂಡೇ ಚಳಿಗಾಲವನ್ನು ಕಳೆಯುತ್ತ ಬಂದವರು. ನಮಗೆ ಅಷ್ಟು ದೊಡ್ಡದು ಬೇಡ. ಮಡಿಕೇರಿಯಲ್ಲಿಯೂ ನೀರು ಹೆಪ್ಪುಗಟ್ಟುವ ಚಳಿ ಬರುವುದಿಲ್ಲ. ಬಚ್ಚಲಿಗೂ ಮುದುಕರು ಮಲಗುವ ಕೋಣೆಗೂ ಒಂದೇ ಗೋಡೆಯಿರುವ ಮನೆಯಾದರೆ ಹಂಡೆಯ ಒಲೆಯಿಂದ ಹೊರಡುವ ಹೊಗೆಯ ದಾರಿಯನ್ನು ಆ ಗೋಡೆಗೆ ಒತ್ತಿ ನಾಲ್ಕೈದು ಅಡಿ ಅಡ್ಡಲಾಗಿ ಕೊಂಡೊಯ್ದು, ಅದರ ಮೇಲೆ ಇಟ್ಟಿಗೆಯ ಜಗಲಿಯನ್ನು ಕಟ್ಟಿ, ಆಮೇಲೆ ಕೊಳವೆಯನ್ನು ಎತ್ತಬಹುದು. ಹೊಗೆಯಲ್ಲಿ ಉಳಿದ ಶಾಖವು ಆ ಜಗಲಿಗೂ ಗೋಡೆಗೂ ಸೇರುವುದು. ಅಡ್ಡದಾರಿಯು ಇದಕ್ಕಿಂತ ಉದ್ದವಾದರೆ ಎಳೆತವು ಕುಂದಿ ಹೊಗೆಯು ಹಿಂದಿರುಗುವುದೆಂಬುದನ್ನೂ, ಮಸಿಯನ್ನು ತೆಗೆಯಲು ಜಗಲಿಯ ಕೊನೆಯಲ್ಲಿ ಒಂದು ಮುಚ್ಚಳದ ಕಿಂಡಿಯಿರಬೇಕೆಂಬುದನ್ನೂ ಮರೆಯಬಾರದು.

ಹೊಗೆಕೊಳವೆಯು ಎಷ್ಟೆತ್ತರವಿರಬೇಕೆಂದು ಕೇಳುವರು. ಮಾಡನ್ನು ದಾಟುವ ಸ್ಥಳದಿಂದ ಮೂರು ಅಡಿ ಮೇಲಕ್ಕೂ, ಹತ್ತು ಅಡಿಯೊಳಗೆ ಇರುವ ಕೂರಿಗೆಗೆ ಎರಡು ಅಡಿ ಮೇಲಕ್ಕೂ ನಿಲ್ಲಬೇಕು. ಗಿಡ್ಡ ಕೊಳವೆಯಾದರೆ ಮಳೆಗಾಲದ ಬಿರುಗಾಳಿಯು ಹೊಗೆಯನ್ನು ಮನೆಯೊಳಕ್ಕೇ ಅದುಮುವುದು. ಒಂಟಿ ತಗಡಿನ ಕೊಳವೆಯು ರೀಪು ಪಕಾಸಿಗಳಿಗೆ ಒಂದೂವರೆ ಅಡಿಗಿಂತ ಹತ್ತಿರ ಬಾರದಂತೆ ನೋಡಿಕೊಳ್ಳತಕ್ಕುದು. ಹಿಂದೆ ಅಸ್ಬೆಸ್ಟಸ್ ಕೊಳವೆಗಳನ್ನು ಧಾರಾಳವಾಗಿ ಹಾಕುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂಬುದು ಈಗ ನಿಶ್ಚಯವಾಗಿರುವುದರಿಂದ ಹೊಸದಾಗಿ ಹಾಕಬಾರದು, ಹಳೆಯದನ್ನು ಗರಗಸದಿಂದ ಕೊಯ್ಯಲೂ ಬಾರದು. ಸುಟ್ಟ ಮಣ್ಣಿನ ಕೊಳವೆಯು ಅಗ್ಗವೂ ನಿರಪಾಯವೂ ಆಗಿದೆ.

ಹೊಗೆಯನ್ನು ಹೊರಕ್ಕೆ ಕಳುಹಿಸಿದರೆ ಅಟ್ಟದ ಮರಗಳಿಗೆ ಹುಳು ಹಿಡಿಯುವುದೆಂದು ಹಿರಿಯರು ಆಕ್ಷೇಪಿಸುವುದುಂಟು. ಇದರಲ್ಲಿ ಹುರುಳಿಲ್ಲದೆ ಇಲ್ಲ. ಹೊಗೆಯು ಬಿದಿರು ಮರಗಳನ್ನು ಕೀಟಗಳಿಂದ ಕಾಪಾಡಿಕೊಂಡು ಬಂದಿರುವುದು ನಿಜ. ಆದರೆ ಮರಕ್ಕೆ ಗೇರೆಣ್ಣೆಯನ್ನು ಬಳಿಯಬಹುದು, ಎದೆಗೂಡಿಗೆ ಬಳಿಯಲಾಗದು. ಸೌದೆಯ ಹೊಗೆಯಿಂದ ಹೆಂಗಸರಿಗೆ ದೀರ್ಘಕಾಲದ ಕೆಮ್ಮುಬ್ಬಸವೂ ಕಣ್ಣಿನ ಪೊರೆಯೂ, ಎಳೆಮಕ್ಕಳಿಗೆ ನ್ಯುಮೋನಿಯವೂ ಹೆಚ್ಚುವುದನ್ನು ವೈದ್ಯರು ತೋರಿಸಿಕೊಟ್ಟಿದ್ದಾರೆ. ಮನೆಯೊಳಗಿನ ಹೊಗೆಯ ದೆಸೆಯಿಂದ 2020ರಲ್ಲಿ ಪ್ರಪಂಚದಲ್ಲಿ 32 ಲಕ್ಷ ಮಂದಿ ಅಕಾಲದಲ್ಲಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ನಾನು ಕೆಟ್ಟ ಎರಡು ಸಂಗತಿಗಳು

ಮೊದಲನೆಯದು ಒಲೆ ಕಟ್ಟಿಸಿದ ಕಥೆ. ಮಲೆನಾಡಿನ ಜಮೀನುದಾರರೊಬ್ಬರು ನನ್ನ ಮಾತನ್ನು ನಂಬಿ ಹಂಡೆಯ ಒಲೆಯನ್ನು ಹೊಸ ರೀತಿಯಲ್ಲಿ ಕಟ್ಟಿಸಲು ಒಪ್ಪಿದರು. ಗಾರೆಯವನ ಹತ್ತಿರ ನಿಂತು ಅಂಗುಲ ಅಂಗುಲವಾಗಿ ಅಳೆದು ಕಟ್ಟಿಸಿದೆನು. ಪರೀಕ್ಷೆಯಲ್ಲಿ ಸೌದೆಯ ಖರ್ಚು ಅರ್ಧಕ್ಕಿಂತ ಕಡಮೆಯಾಯಿತು. ಯಜಮಾನರು ಊರಿಗೆಲ್ಲ ಕರೆದು ತೋರಿಸಿದರು. ಮಾರನೆಯ ವರ್ಷ ನಾನು ಹೋಗಿ ನೋಡಿದಾಗ ಒಲೆಯ ಬಾಯನ್ನು ಹಾರೆಯಿಂದ ಕಿತ್ತು ಅಗಲ ಮಾಡಲಾಗಿತ್ತು. ಬಾಗಿಲು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿತ್ತು. ಜಾಲರಿಯ ಕೆಳಗೆ ಬೂದಿಯು ಗಟ್ಟಿಯಾಗಿ ಕೂತಿತ್ತು. ನನಗೆ ಅಸಮಾಧಾನವಾಗಿ ಯಜಮಾನರನ್ನು ಕೇಳಿದೆನು. ಅವರು ಉತ್ತರ ಕೊಡಲಿಲ್ಲ. ಒಳಗಿನಿಂದ ಮನೆಯಾಕೆಯು, “ನೀವು ಇಟ್ಟ ಬಾಯಿಗೆ ಹಿಡಿಸುವುದು ಮುಂಗೈ ಗಾತ್ರದ ಸೀಳು. ನಮ್ಮ ಮನೆಗೆ ಬರುವುದು ತೊಡೆ ಗಾತ್ರದ ಮೂರಡಿ ಕುಂಟೆ. ಅದನ್ನು ಮಳೆಯಲ್ಲಿ ನಿಂತು ಸೀಳಿಕೊಡುವವರು ಯಾರು, ನೀವೋ ಅವರೋ?” ಎಂದರು. ನನ್ನಲ್ಲಿಯೂ ಉತ್ತರವಿರಲಿಲ್ಲ. ಎರಡು ದಿನ ಆ ಮನೆಯಲ್ಲಿ ಉಂಡು, ಅಳೆದು, ತೂಗಿ, ಯಜಮಾನರೊಡನೆ ಚರ್ಚಿಸಿದ್ದ ನಾನು ಒಲೆ ಹಚ್ಚುವ ಆಕೆಯನ್ನು ಒಂದು ಮಾತೂ ಕೇಳಿರಲಿಲ್ಲ.

ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಯೋಜನೆಯು 1980ರ ದಶಕದಲ್ಲಿ ಆರಂಭವಾಗಿ 2002ರಲ್ಲಿ ನಿಂತಿತು. ಆ ಕಾಲದಲ್ಲಿ ದೇಶದಲ್ಲೆಲ್ಲ ಕಟ್ಟಿದ ಒಲೆಗಳಲ್ಲಿ ಎಷ್ಟೋ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದುದಕ್ಕೆ ಕಾರಣಗಳು ಹಲವು. ನನ್ನ ಈ ತಪ್ಪೂ ಅವುಗಳಲ್ಲಿ ಒಂದೆಂದು ನನಗೆ ಈಗ ತೋರುತ್ತದೆ.

ಎರಡನೆಯದು ಇನ್ನೂ ಅಪಾಯಕರವಾದುದು. ಕೆಲವು ವರ್ಷಗಳ ಹಿಂದೆ ಪುಷ್ಯಮಾಸದಲ್ಲಿ ಘಟ್ಟದ ಅಂಚಿನ ತೋಟದ ಮನೆಯೊಂದರಲ್ಲಿ ರಾತ್ರಿ ತಂಗಿದ್ದೆನು. ಚಳಿಯು ಹೆಚ್ಚಾಗಿದ್ದುದರಿಂದ ಬಚ್ಚಲೊಲೆಯ ಕೆಂಡವನ್ನು ಬಾಣಲೆಯಲ್ಲಿ ತುಂಬಿ ಕೋಣೆಯಲ್ಲಿಡುವಂತೆ ನಾನೇ ಹೇಳಿ, ಕಿಟಕಿಗಳನ್ನು ಮುಚ್ಚಿ ಮಲಗಿದೆನು. ಹೊಗೆಯಿರಲಿಲ್ಲ, ವಾಸನೆಯಿರಲಿಲ್ಲ. ನಡುರಾತ್ರಿಯಲ್ಲಿ ತಲೆಯು ಸಿಡಿಯುವಂತಾಗಿ ಎಚ್ಚರವಾಯಿತು. ಎದ್ದರೆ ಕಾಲು ನಿಲ್ಲಲಿಲ್ಲ. ತೆವಳಿಕೊಂಡು ಹೋಗಿ ಬಾಗಿಲಿನ ಅಗುಳಿಯನ್ನು ತೆಗೆದು ಹೊರಗೆ ಬಿದ್ದೆನು. ಅಗುಳಿಯು ಕೈಗೆ ಸಿಕ್ಕಿದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚಿನ ಬಲದಿಂದ ಅಂಟಿಕೊಳ್ಳುವುದು. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟುಕೊಂಡು ಮಲಗಿದ ಸಂಸಾರಗಳು ಬೆಳಗ್ಗೆ ಏಳದೆ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಓದುತ್ತೇವೆ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯನ್ನಿಡುವ ಪದ್ಧತಿಯು ಇರುವ ಮನೆಗಳಲ್ಲಿ ಕಿಟಕಿಯೊಂದು ಸದಾ ತೆರೆದಿರಬೇಕು, ಮಲಗುವ ಮೊದಲು ಕೆಂಡವು ಹೊರಗೆ ಹೋಗಬೇಕು. ಹೊಗೆಕೊಳವೆಗೆ ತಡೆತಗಡನ್ನು ಇಡಿಸಿದವರು ಒಲೆಯಲ್ಲಿ ಕೆಂಡವಿರುವವರೆಗೂ ಅದನ್ನು ಪೂರ್ತಿ ಮುಚ್ಚಕೂಡದು. ಕೊಳವೆಯಿಲ್ಲದ ಯಾವ ಒಲೆಯನ್ನೂ, ಅದು ಎಷ್ಟೇ ಅಗ್ಗವಾಗಿರಲಿ, ಮಲಗುವ ಕೋಣೆಗೆ ತರುವುದಕ್ಕೆ ನಾನು ಸಮ್ಮತಿಸಲಾರೆ.

ಮೊದಲು ಹೇಳಿದ ಮನೆಯ ಒಲೆಯನ್ನು ಆ ಮೇಲೆ ಇನ್ನೊಮ್ಮೆ ಕಟ್ಟಿಸಿದೆವು. ಈ ಸಲ ಬಾಯಿಯು ಎಂಟು ಅಂಗುಲ ಅಗಲವಾಯಿತು. ಒಲೆಯ ಮುಂದೆ ಕೂಡಲು ಒಂದು ಕಲ್ಲು, ಬೂದಿಯನ್ನು ಬಗ್ಗದೆ ಎಳೆಯಲು ಉದ್ದನೆಯ ಹಿಡಿಯ ಸಲಿಕೆ, ಇವು ಆಕೆಯ ಸೂಚನೆಗಳು. ಬಾಯಿ ದೊಡ್ಡದಾದುದರಿಂದ ಸೌದೆಯ ಉಳಿತಾಯವು ನಾನು ಮೊದಲು ತೋರಿಸಿದಷ್ಟು ಬರುವುದಿಲ್ಲ. ಯಜಮಾನರು ತಮ್ಮ ಪಾಲಿಗೆ ಮಾಘದಲ್ಲಿ ನಾಲ್ಕು ಆಳುಗಳನ್ನು ಹಚ್ಚಿ ವರ್ಷದ ಸೌದೆಯನ್ನೆಲ್ಲ ಸೀಳಿಸಿ ಕೊಟ್ಟಿಗೆಗೆ ಒಟ್ಟಿಸಿಕೊಡಲು ಒಪ್ಪಿದ್ದಾರೆ, ಎರಡು ವರ್ಷ ನಡೆಸಿಯೂ ಇದ್ದಾರೆ.

ಹೊಸ ಒಲೆಯನ್ನು ಕಟ್ಟಿಸುವವರು ಫಾಲ್ಗುಣದೊಳಗಾಗಿ ಕೆಲಸವನ್ನು ಮುಗಿಸಿದರೆ ಮಣ್ಣು ನೆರಳಿನಲ್ಲಿ ಎರಡು ಮೂರು ವಾರ ಆರಲು ಅವಕಾಶ ದೊರೆಯುವುದು. ಮೊದಲ ನಾಲ್ಕು ದಿನ ಚಿಪ್ಪು ಕಡ್ಡಿಗಳ ಸಣ್ಣ ಉರಿಯನ್ನೇ ಹಾಕಬೇಕು. ಆಗ ಬಿಡುವ ಬಿರುಕುಗಳನ್ನು ಅದೇ ಮಣ್ಣಿನಿಂದ ತುಂಬಿ ಸಾರಿಸಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಉಳಿದ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ, ಬಿದಿರಿನ ಕೋಲಿಗೆ ತೆಂಗಿನ ನಾರಿನ ಕುಂಚವನ್ನು ಕಟ್ಟಿ ಕೊಳವೆಯನ್ನು ಮೇಲಿನಿಂದ ತಿಕ್ಕಿಸುವುದು. ಇದು ಗಂಡಸರ ಕೆಲಸ.